ಏಳನೇ ಜಾಗದ ನೀರು

"ಒಂದು ನಿಮಿಷ ಅಷ್ಟೇ ಸಾರ್. ಅರವತ್ತೊಂದನೇ ಸೆಕೆಂಡಿಗೆ ಮುಚ್ಚಿಬಿಡ್ತೀನಿ. ನೀವು ಪೊಲೀಸ್ ಆಗಿದ್ರೂ ಅಷ್ಟೇ, ಮಂತ್ರಿ ಆಗಿದ್ರೂ ಅಷ್ಟೇ."

ಫ್ರೀಜರಮ್ಮ ದಪ್ಪ ಗ್ಲೌಸು ಹಾಕಿಕೊಂಡು, ಬೀರುವಿನಷ್ಟು ಎತ್ತರದ ಫ್ರೀಜರಿನ ಬಾಗಿಲು ಎಳೆದಳು. ಬಿಳಿ ಹೊಗೆ ಬಂದು ನನ್ನ ಕನ್ನಡಕದ ಮೇಲೆ ಕೂತಿತು. ಆಕೆಯ ನಿಜವಾದ ಹೆಸರು ಈ ಸಂಸ್ಥೆಯಲ್ಲಿ ಯಾರಿಗೂ ನೆನಪಿಲ್ಲ. ಇಪ್ಪತ್ತಾರು ವರ್ಷದಿಂದ ಈ ಫ್ರೀಜರಿನ ಕೀ ಆಕೆಯ ಕುತ್ತಿಗೆಯಲ್ಲೇ ತೂಗುತ್ತಿದೆ.

ನನ್ನ ತಂಗಿಯ ಮಗಳು ಇದೇ ಲ್ಯಾಬಿನಲ್ಲಿ ಕೂತು, ಕಡಲ ನೀರಿನಿಂದ ಯಾರೂ ಈವರೆಗೆ ಕಂಡಿರದ ಬ್ಯಾಕ್ಟೀರಿಯಾ ಒಂದನ್ನು ಹುಡುಕಿದ್ದೇನೆ ಎಂದಳು. ಅದು ಕಟ್ಟುಕತೆ ಎಂದು ಸಂಸ್ಥೆಯ ತನಿಖಾ ಸಮಿತಿ ಹೇಳಿತು. ಮೂರು ದಿನಕ್ಕೆ ಅವಳ ದೇಹ ಬಂದರಿನ ಕಲ್ಲುಗಳ ನಡುವೆ ಸಿಕ್ಕಿತು. ಇವತ್ತಿಗೆ ಹದಿನೆಂಟು ದಿನ.

ಬರುವ ಸೋಮವಾರ ಸಮಿತಿ ಕಡೆಯ ಸಲ ಸೇರುತ್ತದೆ. ಅವಳ ಹೆಸರಿನ ಎದುರು 'ವಂಚನೆ' ಎಂದು ಬರೆದು ಫೈಲು ಕಟ್ಟಿಬಿಡುತ್ತದೆ. ಇವತ್ತು ಗುರುವಾರ.

ಮೂವತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿ ನಾಲ್ಕು ವರ್ಷದ ಹಿಂದೆ ಮನೆ ಸೇರಿದವನು ನಾನು. ಮಂಡಿ ನೋವಿದೆ, ಸಿಟ್ಟು ಇನ್ನೂ ಹೋಗಿಲ್ಲ. ತಂಗಿ ನನ್ನನ್ನು ಕೇಳಿದ್ದು ಒಂದೇ ಮಾತು. "ನನ್ನ ಮಗಳು ಸುಳ್ಳು ಹೇಳಿದ್ಲಾ? ಅಷ್ಟು ತಿಳ್ಕೊಂಡು ಬಾ ಅಣ್ಣಾ. ಬೇರೇನೂ ಬೇಡ." ಅವಳಿಗೆ ಇದ್ದವಳು ಒಬ್ಬಳೇ ಮಗಳು. ಗಂಡ ಹತ್ತೊಂಬತ್ತು ವರ್ಷದ ಹಿಂದೆ ನೀರಿನಲ್ಲೇ ಹೋದ. ಆ ಮಾತು ಇಲ್ಲಿ ಬೇಡ.

"ನೋಡಿ. ಇದು ನಿಮ್ಮ ಹುಡುಗೀದು."

ಒಂಬತ್ತು ಸಾಲು, ಸಾಲಿಗೆ ಒಂಬತ್ತರಂತೆ ಎಂಬತ್ತೊಂದು ಟ್ಯೂಬುಗಳ ಡಬ್ಬಿ. ಒಂದೊಂದೂ ಕಿರುಬೆರಳಿಗಿಂತ ಚಿಕ್ಕದು. ಆಕೆ ಒಂದರ ಹಳದಿ ಮುಚ್ಚಳ ತಿರುಗಿಸಿ ನನ್ನ ಕಡೆ ವಾಲಿಸಿದಳು. ಒಳಗೆ ಮಂಜುಗಡ್ಡೆ. ಮೇಲ್ಭಾಗ ನುಣ್ಣಗೆ, ನಡುವೆ ಸ್ವಲ್ಪ ಉಬ್ಬಿಕೊಂಡು, ಅಂಚಿನಲ್ಲಿ ಒಂದೇ ಒಂದು ಗೀರು.

"ಈಗ ಪಕ್ಕದ್ದು ತೋರಿಸಿ," ಎಂದೆ.

ಪಕ್ಕದ್ದರಲ್ಲಿ ನಡುವೆ ಗುಳಿ ಬಿದ್ದಿತ್ತು. ಅದರ ಪಕ್ಕದ್ದರಲ್ಲೂ ಗುಳಿ. ಮಗು ಚಮಚದಿಂದ ಐಸ್‌ಕ್ರೀಮು ಕೆದಕಿದ ಹಾಗೆ.

"ಇದ್ಯಾಕೆ ಹೀಗಿದೆ?"

"ಕೆರೆದಿರ್ತಾರಲ್ಲ ಸಾರ್. ಇದನ್ನ ಕರಗಿಸೋ ಹಾಗಿಲ್ಲ. ಕರಗಿಸಿ, ಮತ್ತೆ ಗಟ್ಟಿ ಮಾಡಿ, ಮತ್ತೆ ಕರಗಿಸಿದ್ರೆ ಒಳಗಿರೋವು ಸಾಯ್ತವೆ. ಬೇಕಾದಾಗ ಮೇಲಿಂದ ಸೂಜಿ ತುದೀಲಿ ಒಂಚೂರು ಕೆರ್ಕೊಂಡು, ಬೆಳೆಸೋ ಪ್ಲೇಟಿಗೆ ಗೀಚ್ತಾರೆ. ಟ್ಯೂಬು ತಕ್ಷಣ ವಾಪಸ್. ಎಷ್ಟು ಸಲ ಕೆರೀತಾರೋ ಅಷ್ಟು ಗುಳಿ ಬೀಳತ್ತೆ." ಆಕೆ ಮಾತು ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಆಮೇಲೆ ಟ್ಯೂಬಿನೊಳಗೆ ತಾನೇ ಬಗ್ಗಿ ನೋಡಿದಳು.

ಅರವತ್ತೊಂದು ಸೆಕೆಂಡು ದಾಟಿತು. ಆಕೆ ಎಣಿಸುವುದನ್ನೇ ಮರೆತಿದ್ದಳು.

ಫ್ರೀಜರಿನ ಪುಸ್ತಕ ಅಲ್ಲೇ ಮೊಳೆಗೆ ತೂಗುತ್ತಿತ್ತು. ಟ್ಯೂಬು ಯಾವುದು, ಯಾರು ತೆಗೆದರು, ಯಾಕೆ, ಎಷ್ಟು ಹೊತ್ತು ಎಂಬುದೆಲ್ಲ ಅದರಲ್ಲಿ ಇರಲೇಬೇಕು. ಬರೆಯದವರಿಗೆ ಫ್ರೀಜರಮ್ಮ ಕೀ ಮುಟ್ಟಲು ಬಿಡುವುದಿಲ್ಲ. ನನ್ನ ತಂಗಿಯ ಮಗಳು ಎರಡು ವರ್ಷದಲ್ಲಿ ಈ ಟ್ಯೂಬನ್ನು ಹದಿನಾಲ್ಕು ಸಲ ಕೆರೆದಿದ್ದಳು. ಪ್ರತಿ ಸಲವೂ ಎರಡು ನಿಮಿಷ, ಪ್ರತಿ ಸಲವೂ ಅವಳ ಉದ್ದ ಬಾಲದ ಸಹಿ. ಕಡೆಯದಾಗಿ ಸಮಿತಿಯವರು ಒಂದು ಸಲ ಕೆರೆದಿದ್ದರು.

ಹದಿನೈದು ಗೀರು ಇರಬೇಕಾದ ಕಡೆ ಒಂದೇ ಗೀರು.

"ಕರೆಂಟು ಹೋಗಿ ಕರಗಿ, ಮತ್ತೆ ಗಟ್ಟಿಯಾಗಿ ನುಣ್ಣಗಾಗಿರಬಹುದಾ?" ಎಂದು ಕೇಳಿದೆ. ನನ್ನ ಆಸೆಗೆ ನಾನೇ ಅಡ್ಡ ನಿಲ್ಲುವುದು ಹಳೆಯ ಅಭ್ಯಾಸ.

"ಹಾಗಾಗಿದ್ರೆ ಎಂಬತ್ತೊಂದೂ ನುಣ್ಣಗಾಗ್ತಿದ್ವು. ಇದೊಂದೇ ಹ್ಯಾಗಾಗತ್ತೆ?" ಫ್ರೀಜರಮ್ಮ ಗ್ಲೌಸು ಕಿತ್ತು ಕಣ್ಣೊರೆಸಿಕೊಂಡಳು. "ಸಾರ್, ಇದು ಯಾಕಮ್ಮನ ಟ್ಯೂಬೇ ಅಲ್ಲ."

ಯಾಕಮ್ಮ. ಮನೆಯಲ್ಲಿ ನಾನಿಟ್ಟ ಹೆಸರು ಲ್ಯಾಬಿಗೂ ಬಂದಿತ್ತು. ಮೂರು ವರ್ಷದ ಮಗುವಾಗಿದ್ದಾಗ ಏನು ಹೇಳಿದರೂ "ಯಾಕೆ?" ಎನ್ನುತ್ತಿದ್ದಳು. ಕಡಲು ಉಪ್ಪು ಎಂದರೆ ಯಾಕೆ, ಮಾವನಿಗೆ ಮೀಸೆ ಎಂದರೆ ಯಾಕೆ. ನಾನು ಸಾಕಾಗಿ ಕೈಮುಗಿಯುತ್ತಿದ್ದೆ.

ನನಗೆ ಅಲ್ಲೇ ಕುಣಿದುಬಿಡುವಷ್ಟು ಸಂತೋಷವಾಯಿತು, ಅದನ್ನು ಮುಚ್ಚಿಡುವುದೇಕೆ. ನನ್ನ ಹುಡುಗಿ ಸುಳ್ಳು ಹೇಳಿರಲಿಲ್ಲ. ಯಾರೋ ಅವಳ ಟ್ಯೂಬು ಕದ್ದು, ಆ ಜಾಗದಲ್ಲಿ ನಲ್ಲಿ ನೀರಿನ ಯಾವುದೋ ಬಡ ಬ್ಯಾಕ್ಟೀರಿಯಾ ಇಟ್ಟಿದ್ದರು. ಹೊಸ ಜಾತಿ ಎಂದು ಒಪ್ಪಿಸಲು ಹೊರದೇಶದ ಬ್ಯಾಕ್ಟೀರಿಯಾ ಸಂಗ್ರಹಾಲಯಕ್ಕೆ ಕಳಿಸಿದ ಇನ್ನೊಂದು ಟ್ಯೂಬಿನಲ್ಲಿದ್ದದ್ದೂ ಅದೇ, ಸಮಿತಿ ಬೆಳೆಸಿ ನೋಡಿದ್ದೂ ಅದೇ. "ಉಪ್ಪಿಲ್ಲದೆಯೂ ಬೆಳೆಯುತ್ತದೆ, ಇದು ಕಡಲಿನದೇ ಅಲ್ಲ" ಎಂದು ಎರಡೂ ಕಡೆಯಿಂದ ಅವಳ ಮುಖಕ್ಕೆ ಬಂದು ಬಿದ್ದಿತ್ತು.

ಪುಸ್ತಕದ ಕಡೆಯ ಪುಟದಲ್ಲಿ ಇನ್ನೊಂದು ಸಹಿ ಕಂಡಿತು. ಹೊರದೇಶದಿಂದ ಆ ಪತ್ರ ಬಂದ ದಿನ ಸಂಜೆ ಐದೂ ಹತ್ತಕ್ಕೆ ಡಬ್ಬಿ ಹೊರಗೆ, ಐದೂ ಇಪ್ಪತ್ತಕ್ಕೆ ಒಳಗೆ. 'ಯಾಕೆ' ಎಂಬ ಕಾಲಮು ಖಾಲಿ.

"ಇದು ಯಾರ ಸಹಿ?"

ಫ್ರೀಜರಮ್ಮ ದನಿ ತಗ್ಗಿಸಿದಳು. "ಉಪ್ಪಿನ ಮೇಷ್ಟ್ರದು."

*

ಉಪ್ಪಿನ ಮೇಷ್ಟ್ರು ಎಂದರೆ ಅವಳ ಸಂಶೋಧನೆಯ ಗೈಡು. ಜೀವಮಾನವಿಡೀ ಉಪ್ಪು ನೀರಿನ ಬ್ಯಾಕ್ಟೀರಿಯಾಗಳ ಹಿಂದೆ ಬಿದ್ದವರು. ಮೂರನೇ ಮಹಡಿಯ ಅವರ ಕೋಣೆಗೆ ನಾನು ಮೆಟ್ಟಿಲು ಹತ್ತಿಕೊಂಡೇ ಹೋದೆ. ಲಿಫ್ಟಿಗೆ ಕಾಯುವ ತಾಳ್ಮೆ ಇರಲಿಲ್ಲ.

ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮೇಜಿನ ಮೇಲೆ ಟೀ ಆರಿ ಕೆನೆಗಟ್ಟಿತ್ತು. ಗೋಡೆಗೆ ಕರಾವಳಿಯ ದೊಡ್ಡ ನಕ್ಷೆ, ಅದರ ಮೇಲೆ ಅಲ್ಲಲ್ಲಿ ಗುಂಡುಸೂಜಿ, ಒಂದೊಂದಕ್ಕೂ ಒಂದು ಅಂಕಿ.

"ನಿಮಗೆ ಗೊತ್ತಿತ್ತು," ಎಂದೆ. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ.

"ಏನು ಸಾರ್?"

"ಟ್ಯೂಬು ಅವಳದ್ದಲ್ಲ ಅಂತ. ಪತ್ರ ಬಂದ ದಿನಾನೇ ತೆಗೆದು ನೋಡಿದ್ರಿ. ಆಮೇಲೆ ಸಮಿತೀಲಿ ಅವಳ ಎದುರಿಗೇ ಕೂತ್ಕೊಂಡು, ಎಲ್ರೂ ಅವಳನ್ನ ಸುಳ್ಳಿ ಅಂತಿದ್ರೆ ಬಾಯಿಗೆ ಬೀಗ ಹಾಕ್ಕೊಂಡಿದ್ರಿ. ಯಾಕೆ ಮೇಷ್ಟ್ರೇ? ಕದ್ದವರು ಬಾಯಿ ಬಿಡಲ್ಲ, ಅದಕ್ಕಾ?"

ಅವರು ಎದ್ದರು. ಹೊಡೆಯಲು ಬರುತ್ತಾರೆ ಎಂದುಕೊಂಡೆ. ಬಾಗಿಲು ಹಾಕಿ ಬಂದು ಕೂತರು.

"ಕಳ್ಳತನ ಆಗಿಲ್ಲ. ಬದಲಾಯಿಸಿದ್ದು ಅವಳೇ."

ನನಗೆ ಮೈಯೆಲ್ಲ ಉರಿದುಹೋಯಿತು. "ಸತ್ತವಳ ತಲೆಗೆ ಕಟ್ಟೋದು ಸುಲಭ. ಅವಳು ಎದ್ದು ಬಂದು ಇಲ್ಲ ಅನ್ನಲ್ಲ, ಅಲ್ವಾ?"

"ಟ್ಯೂಬಿನ ಮೇಲೆ ಅಂಟಿಸಿರೋ ಚೀಟಿ ನೋಡಿದ್ರಾ?"

"ನೋಡಿದೆ. ಅವಳದೇ ಕೈಬರಹ. ಹಳೇದನ್ನ ಕಿತ್ತು ಹೊಸದಕ್ಕೆ ಅಂಟಿಸಿದ್ದಾರೆ."

"ಅಷ್ಟು ತಣ್ಣಗಿರೋ ಚೀಟಿ ಕೀಳೋಕೆ ಹೋದ್ರೆ ಚೂರುಚೂರಾಗತ್ತೆ. ಅದು ಹರಿದಿಲ್ಲ, ಮಡಚಿಲ್ಲ. ಹೊಸದಾಗಿ ಬರೆದದ್ದು. ಅವಳೇ ಬರೆದದ್ದು." ಅವರು ಕನ್ನಡಕ ತೆಗೆದರು. "ಇದನ್ನ ನೀವು ನೋಡಿರ್ಲಿಲ್ಲ ಅಂದ್ರೆ ನಾನು ನಂಬಲ್ಲ. ನೋಡೋದು ಬೇಡ ಅನ್ನಿಸಿರಬೇಕು."

ಮೂವತ್ತೆರಡು ವರ್ಷ ಬೇರೆಯವರ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡಿದವನು ಆ ಚೀಟಿಯ ಮೇಲೆ ಒಮ್ಮೆ ಕಣ್ಣಾಡಿಸಿ ಬಿಟ್ಟಿದ್ದೆ. ನನಗೆ ಬೇಕಾದ್ದು ಸಿಕ್ಕಿತ್ತು, ಅಷ್ಟೇ.

"ಕೇಳಿದೆ ಅವಳನ್ನ," ಮೇಷ್ಟ್ರು ಹೇಳಿದರು. "ಹೂಂ ಸಾರ್ ಅಂದಳು. ಕೈತೊಳೆಯೋ ನಲ್ಲಿಯಿಂದ ಬೆಳೆಸಿದ್ದನ್ನ ತುಂಬಿಟ್ಟೆ ಸಾರ್ ಅಂದಳು. ಎರಡು ವರ್ಷದ ಕೆಲಸ! ಜೀನು ಓದಿಸಿದ್ವಿ. ಹತ್ತಿರದ ಸಂಬಂಧಿ ಜೊತೆ ನೂರಕ್ಕೆ ತೊಂಬತ್ತಾರೇ ಹೊಂದ್ತಿತ್ತು. ತೊಂಬತ್ತೆಂಟು ಚಿಲ್ಲರೆಗಿಂತ ಕಮ್ಮಿ ಬಂದ್ರೆ ಹೊಸ ಜಾತಿ ಇರಬಹುದು ಅಂತ ನಮಗೆ ಕಿವಿ ನೆಟ್ಟಗಾಗತ್ತೆ. ಅಲ್ಲಿಂದ ಶುರು. ಎಷ್ಟು ಉಪ್ಪಲ್ಲಿ ಬೆಳೆಯತ್ತೆ, ಎಷ್ಟು ಬಿಸೀಲಿ ಸಾಯತ್ತೆ, ಏನು ತಿನ್ನತ್ತೆ, ಏನು ಮುಟ್ಟಲ್ಲ. ಒಂದೊಂದು ಪರೀಕ್ಷೇನೂ ಮೂರು ಮೂರು ಸಲ. ಬೇರೆಯವರು ಐದನೇ ದಿನಕ್ಕೆ ಏನೂ ಬರ್ಲಿಲ್ಲ ಅಂತ ಪ್ಲೇಟು ಎಸೀತಾರೆ. ಇವಳು ಹನ್ನೊಂದು ದಿನ ಕಾದಳು. ಅದಕ್ಕೇ ಸಿಕ್ತು."

"ಹಾಗಾದ್ರೆ ಅದು ನಿಜ? ಅಂಥ ಬ್ಯಾಕ್ಟೀರಿಯಾ ಇತ್ತು?"

"ಈ ಕಣ್ಣಿಂದ ನೋಡಿದೀನಿ. ಕಿತ್ತಳೆ ಬಣ್ಣದ ಚುಕ್ಕಿಗಳು. ಸಾಸಿವೆಗಿಂತ ಚಿಕ್ಕವು."

ಅವರು ಡ್ರಾಯರಿನಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ಹೊಸ ಜಾತಿಯ ವಿವರಣೆ, ಅವಳ ಕೈಯ ಕರಡು. ಬಣ್ಣ, ಆಕಾರ, ಉಪ್ಪಿನ ಅಳತೆ ಎಲ್ಲ ಇತ್ತು. 'ಬಣ್ಣ ತೆಳುಮಾಡುವ ಥಿನ್ನರ್ ತಿಂದು ಬದುಕಬಲ್ಲದು' ಎಂದಿತ್ತು. ಅದರ ಮೇಲೆ ಹೆಸರು. ಲ್ಯಾಟಿನ್ ವೇಷ ಹಾಕಿದ್ದರೂ ಒಳಗಿನ ಹೆಸರು ನನಗೆ ತಟ್ಟನೆ ಗೊತ್ತಾಯಿತು. ಕೆಳಗೆ ಅವಳೇ ಬಿಡಿಸಿ ಬರೆದಿದ್ದಳು: 'ಸಂಶೋಧಕಿಯ ತಂದೆಯ ಹೆಸರಿನಿಂದ. ಕಡಲ ದಂಡೆಯಲ್ಲಿ ದೋಣಿ ರಿಪೇರಿ ಮಾಡುತ್ತಿದ್ದವರು.'

"ನಾವು ನಮ್ಮ ಹೆಸರು ನಾವೇ ಇಟ್ಕೊಳ್ಳೋ ಹಾಗಿಲ್ಲ," ಎಂದರು ಮೇಷ್ಟ್ರು. "ಅಪ್ಪಂದು ಇಡಬಹುದಾ ಸಾರ್ ಅಂತ ಮೊದಲನೇ ವರ್ಷಾನೇ ಕೇಳಿದ್ಲು. ಧಾರಾಳವಾಗಿ ಇಡು ಅಂದೆ."

ಕಾಗದದ ಕಡೆಯ ಸಾಲು 'ಸಿಕ್ಕ ಜಾಗ'. ಅದರ ಮುಂದೆ ಏನೋ ಬರೆದು ಅಳಿಸಿ, ಬರೆದು ಅಳಿಸಿ, ಕಾಗದ ತೂತಾಗಿತ್ತು.

"ಮನೇಲಿ ಏಳನೇ ಜಾಗ, ಏಳನೇ ಜಾಗ ಅಂತಿದ್ಲು," ಎಂದೆ. "ಎಲ್ಲಿ ಅಂತ ಹೇಳ್ತಿರ್ಲಿಲ್ಲ."

"ಪ್ರಕಟ ಆಗೋವರೆಗೆ ನಾವು ಜಾಗಕ್ಕೆ ಅಂಕೀನೇ ಹೇಳೋದು. ಇನ್ನೊಬ್ಬರು ಹೋಗಿ ನೀರು ತುಂಬ್ಕೊಂಡು ಬರಬಾರ್ದಲ್ಲ." ಅವರು ನಕ್ಷೆಯ ಕಡೆ ನೋಡದೆ ಕೈ ತೋರಿಸಿದರು. "ಅಲ್ಲಿದೆ."

ಎದ್ದು ಹೋಗಿ ನೋಡಿದೆ. ಏಳನೇ ಸೂಜಿ ಬಂದರಿನಿಂದ ದಕ್ಷಿಣಕ್ಕೆ, ಕಡಲು ಒಳಗೆ ನುಗ್ಗಿ ಕುಳಿಯಾದ ಕಡೆ ಚುಚ್ಚಿತ್ತು. ಮೇಲೆ ದಿಬ್ಬದ ಮೇಲೆ ಬಣ್ಣ ತಯಾರಿಸುತ್ತಿದ್ದ ಹಳೆಯ ಕಾರ್ಖಾನೆ. ಈಗ ಮುಚ್ಚಿದೆ.

ಆ ಕುಳಿ ನನಗೆ ಗೊತ್ತಿತ್ತು.

"ಪ್ರಬಂಧದಲ್ಲಿ ಜಾಗದ ಹಿಂದಿನ ಕತೆ ಅಂತ ಒಂದು ಅಧ್ಯಾಯ ಬರೀಲೇಬೇಕು," ಮೇಷ್ಟ್ರು ನನ್ನ ಬೆನ್ನಿಗೆ ಹೇಳುತ್ತಿದ್ದರು. "ಮೊದಲು ಅಲ್ಲಿ ಏನಿತ್ತು, ಯಾವ ಮೀನು ಸಿಗ್ತಿತ್ತು, ಯಾವ ಕೊಳಚೆ ಸೇರ್ತಿತ್ತು ಅಂತ. ಅದಕ್ಕೆ ಅವಳು ಸರ್ಕಾರಿ ಕಚೇರಿಗಳಿಗೆಲ್ಲ ಅರ್ಜಿ ಹಾಕಿದ್ಲು. ಆ ಕುಳಿಗೆ ಸಂಬಂಧಪಟ್ಟ ಹಳೇ ಕಾಗದ ಏನಿದ್ರೂ ಕೊಡಿ ಅಂತ. ಮೀನಿನ ಲೆಕ್ಕ ಬಂತು. ಅದರ ಜೊತೆ ಇದೂ ಬಂತು."

ತಿರುಗಿ ನೋಡಬೇಕಾಗಿರಲಿಲ್ಲ. ಆ ಕಾಗದದಲ್ಲಿ ಏನಿದೆ ಎಂದು ನನಗೆ ಬಾಯಿಪಾಠ. ಒಂದೇ ಪುಟ, ಕೆಳಗೆ ನನ್ನ ಸಹಿ.

'ಮೂವರೂ ಮದ್ಯದ ಅಮಲಿನಲ್ಲಿ ನೀರಿಗಿಳಿದು ಮೃತಪಟ್ಟಿರುತ್ತಾರೆ. ನೀರಿನಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ.'

ಈಗ ಆ ಮಾತು ಬೇಡ ಎನ್ನಲಾಗದು. ಹತ್ತೊಂಬತ್ತು ವರ್ಷದ ಹಿಂದೆ ಆ ಕುಳಿಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ದೋಣಿ ರಿಪೇರಿ ಮಾಡುತ್ತಿದ್ದ ಮೂವರು ತಲೆಸುತ್ತಿ ಬಿದ್ದು ಸತ್ತರು. ಅವರಲ್ಲಿ ಒಬ್ಬ ನನ್ನ ಭಾವಮೈದುನ, ಯಾಕಮ್ಮನ ಅಪ್ಪ. ಅವನ ಅಂಗಿ ಬಿಚ್ಚಿದಾಗ ಹೆಂಡದ ವಾಸನೆ ಇರಲಿಲ್ಲ. ಥಿನ್ನರ್ ವಾಸನೆ ಮೂಗಿಗೆ ಬಡಿದಿತ್ತು.

ಸಂಬಂಧಿಕ ಎಂದು ಹೇಳಿ ಕೇಸು ಬಿಡಬಹುದಿತ್ತು. ಬಿಡಲು ನನ್ನ ಮೇಲಿನವರು ಬಿಡಲಿಲ್ಲ. ಕಾರ್ಖಾನೆಯ ಹೆಸರು ಎಲ್ಲೂ ಬರಬಾರದಿತ್ತು; ನಾನೇ ಬರೆದರೆ ಮನೆಯವರು ತಕರಾರು ತೆಗೆಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನನ್ನ ಬಡ್ತಿಯ ಕಾಗದ ಅವರ ಮೇಜಿನ ಮೇಲಿತ್ತು. ಪರೀಕ್ಷೆಗೆ ಕಳಿಸಬೇಕಾದ ನೀರಿನ ಬಾಟಲಿ ಆರು ದಿನ ನನ್ನ ಮೇಜಿನ ಮೇಲೆ ಕೂತಿತ್ತು. ಏಳನೆಯ ದಿನ ಅದನ್ನು ಕೈತೊಳೆಯುವ ಬೇಸಿನ್ನಿಗೆ ಸುರಿದೆ. ಸತ್ತವರೇನೂ ಎದ್ದು ಬರುವುದಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ತಂಗಿ ನನ್ನ ಕಾಗದವನ್ನು ನಂಬಿದಳು. ಅವಳ ಗಂಡ ಮಗಳ ತಲೆ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟು ನಾಲ್ಕು ವರ್ಷವಾಗಿತ್ತು. ಆಣೆ ಮುರಿದು ಸತ್ತ ಎಂದು ಅವಳು ಮೂರನೆಯ ದಿನಕ್ಕೆ ಅಳು ನಿಲ್ಲಿಸಿದಳು. ಆ ಮನೆಯಲ್ಲಿ ಅವನ ಒಂದು ಫೋಟೋ ಇಲ್ಲ. ಹತ್ತೊಂಬತ್ತು ವರ್ಷ ಅವಳು ಒಬ್ಬ ಒಳ್ಳೆಯ ಗಂಡನನ್ನು ದ್ವೇಷಿಸಿಕೊಂಡು ಬದುಕಿದ್ದಾಳೆ. ಅದು ನನ್ನ ಕೈಕೆಲಸ.

"ಆ ಕುಳಿಯ ತಳದ ಕೆಸರನ್ನ ಪದರ ಪದರವಾಗಿ ತೆಗೆದಿದ್ಲು," ಮೇಷ್ಟ್ರು ಹೇಳಿದರು. "ನಿಮ್ಮ ಕಾಗದದ ವರ್ಷದ ಪದರದಲ್ಲಿ ಥಿನ್ನರ್ ಎಲ್ಲಕ್ಕಿಂತ ಹೆಚ್ಚು. ಅದನ್ನ ತಿಂದು ಬದುಕೋ ಜೀವ ಅಲ್ಲಿ ಬೇರು ಬಿಟ್ಟಿರೋದು ಅದಕ್ಕೇ. ಬ್ಯಾಕ್ಟೀರಿಯಾ ಬಗ್ಗೆ ಬರೆದ್ರೆ ಜಾಗ ಬರೀಬೇಕು. ಜಾಗ ಬರೆದ್ರೆ ಇದೆಲ್ಲ ಆಚೆ ಬರತ್ತೆ."

"ಅವಳು ಏನಂದ್ಲು?"

"ಜಾಗ ಬಿಟ್ಟು ಬರೀಬಹುದಾ ಸಾರ್ ಅಂದ್ಲು. ಜಾಗ ಇಲ್ಲದೆ ಹೆಸರಿಲ್ಲ ಅಂದೆ. ಬೇರೆ ಜಾಗ ಬರೀಲಾ ಅಂದ್ಲು. ಬೈದೆ. ಯಾಕೆ ಅಂತ ಆಗ ನನಗೆ ಗೊತ್ತಿರ್ಲಿಲ್ಲ." ಅವರು ಆರಿದ ಟೀಯನ್ನು ಪಕ್ಕಕ್ಕೆ ಸರಿಸಿದರು. "ಸುಮ್ನೆ ಕೈಬಿಟ್ಟಿದ್ರೆ ನಾನೋ ಇನ್ಯಾರೋ ಅದೇ ಟ್ಯೂಬಿಂದ ಕೆಲಸ ಮುಂದುವರಿಸ್ತಿದ್ವಿ. ಸುಳ್ಳು ಅಂತ ಆಗಿಹೋದ್ರೆ ಯಾರೂ ಆ ಕಡೆ ತಲೆ ಹಾಕಲ್ಲ. ಅದಕ್ಕೆ ತನ್ನನ್ನೇ ಸುಳ್ಳಿ ಮಾಡ್ಕೊಂಡ್ಲು. ಟ್ಯೂಬಿನ ಬಗ್ಗೆ ನಾನು ಹಿಡಿದು ಕೇಳಿದಾಗ ಈ ಕಾಗದ ತೋರಿಸಿ ಒಂದೇ ಮಾತು ಹೇಳಿದ್ಲು. ಅಪ್ಪ ಹೋದ್ರು, ಮಾವನೂ ಹೋದ್ರೆ ಅಮ್ಮನಿಗೆ ಯಾರಿದ್ದಾರೆ ಸಾರ್, ಅಂತ."

ನಾನು ಕುರ್ಚಿ ಹುಡುಕಿಕೊಂಡು ಕೂತೆ. ಅಷ್ಟು ವರ್ಷ ಲಾಕಪ್ಪಿನಲ್ಲಿ ಎಷ್ಟೋ ಜನ ನನ್ನೆದುರು ಕುಸಿದು ಕೂತಿದ್ದಾರೆ. ಅವರಿಗೆ ನಾನು ನೀರು ಕೊಡುತ್ತಿದ್ದೆ. ಮೇಷ್ಟ್ರು ನನಗೆ ನೀರು ಕೊಟ್ಟರು.

"ಒಂದು ವಾರ ಟೈಮ್ ಕೊಡಿ, ಮಾವನ ಹತ್ರ ನಾನೇ ಮಾತಾಡ್ತೀನಿ, ಅಲ್ಲೀವರೆಗೆ ಯಾರಿಗೂ ಹೇಳಬೇಡಿ ಅಂದ್ಲು. ಕೊಟ್ಟೆ." ಅವರು ಅತ್ತೇಬಿಟ್ಟರು. "ಕೊಡಬಾರ್ದಿತ್ತು. ಸಮಿತಿ ಅಷ್ಟು ಬೇಗ ಸೇರತ್ತೆ ಅಂತ ನನಗೂ ಗೊತ್ತಿರ್ಲಿಲ್ಲ."

ಆ ವಾರ ಅವಳು ನನ್ನ ಮನೆಗೆ ಎರಡು ಸಲ ಬಂದಿದ್ದಳು. ಒಂದು ಸಲ ನಾನು ಟಿವಿ ನೋಡುತ್ತಿದ್ದೆ. ಇನ್ನೊಂದು ಸಲ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, "ಏನು ಯಾಕಮ್ಮ, ಇವತ್ತು ಪ್ರಶ್ನೆ ಇಲ್ವಾ?" ಎಂದು ಕಿಚಾಯಿಸಿದ್ದೆ. ಅವಳು ನಕ್ಕು ಎಣ್ಣೆ ಬಾಟಲಿ ಮುಚ್ಚಿಟ್ಟು ಹೋಗಿದ್ದಳು.

"ನಿಜವಾದ ಟ್ಯೂಬು ಎಲ್ಲಿ?" ಎಂದೆ. ಅದು ನನ್ನ ದನಿಯ ಹಾಗಿರಲಿಲ್ಲ.

"ಗೊತ್ತಿಲ್ಲ. ಆದ್ರೆ ಸಾಯಿಸಿರಲ್ಲ. ಕೆಟ್ಟುಹೋದ ಪ್ಲೇಟು ಎಸೆಯೋವಾಗ್ಲೂ ಸಾರಿ ಅಂತಿದ್ದವಳು ಅವಳು. ಮನೇಲಿ ಕೇಳಿದ್ರಾ?"

*

ತಂಗಿಯ ಮನೆ ಎರಡನೇ ಮಹಡಿ, ಕಬ್ಬಿಣದ ಮೆಟ್ಟಿಲು. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಚುತ್ತಿದ್ದಳು. ನನ್ನನ್ನು ಕಂಡು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು.

"ಏನಾಯ್ತು ಅಣ್ಣಾ? ಮುಖ ಯಾಕೆ ಹೀಗಾಗಿದೆ?"

"ಅವಳು ನಿನ್ನ ಹತ್ರ ಏನಾದ್ರೂ ಕೊಟ್ಟಿದ್ಲಾ? ಜೋಪಾನ ಮಾಡು ಅಂತ? ಚಿಕ್ಕ ಟ್ಯೂಬು?"

ತಂಗಿ ಕಣ್ಣು ಅರಳಿಸಿದಳು. "ನೀನು ಕೇಳ್ತೀಯ ಅಂತ ಅವಳಿಗೆ ಹ್ಯಾಗೆ ಗೊತ್ತಿತ್ತು? ಮಾವ ಬಂದು ಬಾಯ್ಬಿಟ್ಟು ಕೇಳಿದ್ರೆ ಮಾತ್ರ ಕೊಡಮ್ಮ, ಕೇಳದೆ ಇದ್ರೆ ಅಲ್ಲೇ ಇರ್ಲಿ ಬಿಡು ಅಂದಿದ್ಲು. ನಿನಗೇನೋ ಔಷಧಿ ಅಂದ್ಕೊಂಡೆ ನಾನು."

ನನ್ನ ಕೈಗೇ ಬಿಟ್ಟಿದ್ದಳು. ತನ್ನ ಹೆಸರು ಉಳಿಯಬೇಕೋ ನನ್ನದೋ ಎಂಬುದನ್ನು ನಾನೇ ನಿರ್ಧರಿಸಲಿ ಎಂದು, ಒಂದು ಬೈಗುಳವಿಲ್ಲದೆ, ಒಂದು ಚೀಟಿಯೂ ಇಲ್ಲದೆ.

ತಂಗಿ ಅಡುಗೆ ಮನೆಗೆ ಹೋದಳು. ನಾನು ಹಿಂದೆ ಹೋದೆ. ಫ್ರಿಜ್ಜಿನ ಬಾಗಿಲು ಆಗಲೇ ಅರ್ಧ ತೆರೆದಿತ್ತು. ಬಾಗಿಲಿಗೆ ಅಡ್ಡವಾಗಿ ಮಡಚಿದ ಬಟ್ಟೆ ಸಿಕ್ಕಿಸಿತ್ತು. ಒಳಗೆ ದೀಪವಿರಲಿಲ್ಲ.

"ಇದ್ಯಾಕೆ ಹೀಗೆ?"

"ಆಫ್ ಮಾಡಿದೀನಿ. ಹನ್ನೆರಡು ದಿನ ಆಯ್ತು." ಅವಳು ಐಸ್ ಇಡುವ ಕಡೆಯಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. "ಅಡುಗೇನೇ ಮಾಡ್ತಿಲ್ಲ, ಏನು ಇಡ್ಲಿ ಅದರಲ್ಲಿ? ಮನೇಲಿ ಒಬ್ಬಳೇ ಇದ್ದಾಗ ಅದರ ಗುರ್ ಸದ್ದು ತಡೆಯೋಕೆ ಆಗ್ತಿರ್ಲಿಲ್ಲ ಅಣ್ಣಾ. ಅವಳು ಒಳಗೆ ಓದ್ತಾ ಕೂತಿರೋವಾಗ ಇದೇ ಸದ್ದು ಇರ್ತಿತ್ತಲ್ಲ."

ಡಬ್ಬಿಯೊಳಗೆ ಹಳದಿ ಮುಚ್ಚಳದ ಟ್ಯೂಬು. ಮಂಜು ಎಂದೋ ಕರಗಿ, ಮಾಸಲು ನೀರು ತಳದಲ್ಲಿ ಅಲುಗಾಡುತ್ತಿತ್ತು. ಮುಟ್ಟಿದರೆ ನನ್ನ ಕೈಯಷ್ಟೇ ಬೆಚ್ಚಗಿತ್ತು.

ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದನ್ನು ಇಲ್ಲಿ ಬರೆಯಲೇಬೇಕು. ಸಮಾಧಾನ. ಸತ್ತಿದ್ದರೆ ಸತ್ತಿರಲಿ, ಇನ್ನು ಯಾರೂ ಏನೂ ತೋರಿಸಲಾರರು, ನಾನು ಬಚಾವಾದೆ ಎಂಬ ಸಮಾಧಾನ. ಅರ್ಧ ಉಸಿರಿನಷ್ಟು ಹೊತ್ತು ಇದ್ದಿರಬಹುದು. ಆಮೇಲೆ ನನ್ನ ಮೇಲೆ ನನಗೆ ಹುಟ್ಟಿದ ಅಸಹ್ಯಕ್ಕೆ ಸಿಂಕು ಹಿಡಿದು ನಿಲ್ಲಬೇಕಾಯಿತು.

ಫ್ರೀಜರಮ್ಮನಿಗೆ ಫೋನು ಮಾಡಿದೆ. ವಿಷಯ ಹೇಳಿದೆ.

"ಈಗ್ಲೇ ತನ್ನಿ. ಜೇಬಲ್ಲಿ ಇಡಬೇಡಿ, ಬಿಸಿಲಿಗೆ ಹಿಡೀಬೇಡಿ. ಹಳೇ ಕಡಲ ನೀರು ಕತ್ತಲೇಲಿ ಇಟ್ಟಿದೀನಿ, ಅವಳೇ ತಂದಿದ್ದು, ಅದರಲ್ಲೇ ಪ್ಲೇಟು ಮಾಡ್ತೀನಿ. ಬದುಕಿರಬಹುದು, ಸತ್ತಿರಬಹುದು. ಕಡಲಿನವು ಹಟಮಾರಿಗಳು."

"ಗೊತ್ತಾಗೋಕೆ ಎಷ್ಟು ದಿನ?"

"ಹನ್ನೊಂದು."

"ಸೋಮವಾರ ಸಮಿತಿ ಇದೆ."

"ನಾಲ್ಕೇ ದಿನ ಸಾರ್. ಬ್ಯಾಕ್ಟೀರಿಯಾಗೆ ಸಮಿತಿ ಗಿಮಿತಿ ಅರ್ಥ ಆಗಲ್ಲ. ಜೀನು ಓದಿಸೋಕೆ ಹೊರಗೆ ಕಳಿಸಿದ್ರೂ ವಾರದ ಮೇಲಾಗತ್ತೆ. ಬದುಕಿರೋದು ಕೈಯಲ್ಲಿಲ್ಲದೆ ಅವರು ಹೆಸರನ್ನೂ ಒಪ್ಪಲ್ಲ." ಆಕೆ ಮೂಗು ಎಳೆದುಕೊಂಡಳು. "ಸೋಮವಾರ ಅದು ಮಾತಾಡಲ್ಲ. ಬೇರೆ ಯಾರಾದ್ರೂ ಮಾತಾಡ್ಬೇಕು."

ಫೋನು ಇಟ್ಟೆ. ಮೇಷ್ಟ್ರು ಮಾತಾಡಿದರೆ ಗೈಡು ತನ್ನ ಮಾನ ಉಳಿಸಿಕೊಳ್ಳಲು ಕತೆ ಕಟ್ಟಿದ ಎನ್ನುತ್ತಾರೆ. ಆ ಹುಡುಗಿ ತನ್ನ ಕೈಯಾರೆ ತನ್ನನ್ನು ಸುಳ್ಳಿ ಮಾಡಿಕೊಂಡದ್ದು ಯಾಕೆ ಎಂದು ಹೇಳಿದರೆ ನಂಬಬೇಕಾದಂಥ ಬಾಯಿ ಒಂದೇ ಇತ್ತು. ಆ ಬಾಯಿ ತೆರೆದರೆ ಮೊದಲು ಇಲ್ಲಿ, ಈ ಅಡುಗೆ ಮನೆಯಲ್ಲಿ ತೆರೆಯಬೇಕಿತ್ತು.

ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು. "ನಾನು ಏನಾದ್ರೂ ತಪ್ಪು ಮಾಡಿದ್ನಾ? ಫ್ರಿಜ್ ಆಫ್ ಮಾಡಬಾರ್ದಿತ್ತಾ?"

"ನಿನ್ನ ತಪ್ಪಲ್ಲ."

"ಹೇಳು ಹಾಗಾದ್ರೆ. ನನ್ನ ಮಗಳು ಸುಳ್ಳು ಹೇಳಿದ್ಲಾ?"

"ಹೇಳಿದ್ಲು."

ಅವಳ ಮುಖ ಬಿಳುಚಿಕೊಂಡಿತು. ಬೀಳದಂತೆ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡಳು.

"ಅವಳು ಹುಡುಕಿದ್ದು ನಿಜ. ಅದು ಸುಳ್ಳು ಅಂತ ತೋರಿಸಿದ್ದೇ ಅವಳ ಸುಳ್ಳು. ನನ್ನನ್ನ ಉಳಿಸೋಕೆ."

"ನಿನ್ನನ್ನಾ? ಏನಣ್ಣಾ ಹಾಗಂದ್ರೆ? ನಿನಗೇನಾಗಿತ್ತು?"

ಮೂವತ್ತೆರಡು ವರ್ಷದಲ್ಲಿ ಎಷ್ಟೋ ಮನೆಗಳಿಗೆ ಕೆಟ್ಟ ಸುದ್ದಿ ಹೊತ್ತುಕೊಂಡು ಹೋಗಿದ್ದೇನೆ. ಹೇಗೆ ಶುರು ಮಾಡಬೇಕೆಂದು ಗೊತ್ತಿತ್ತು. ಕೂತುಕೊಳ್ಳಿ ಅನ್ನಬೇಕು, ನೀರು ಕೊಡಬೇಕು, ನಿಧಾನವಾಗಿ ಹೇಳಬೇಕು. ಯಾವುದೂ ನೆನಪಾಗಲಿಲ್ಲ.

"ನಿನ್ನ ಗಂಡ ಅವತ್ತು ಕುಡಿದಿರ್ಲಿಲ್ಲ," ಎಂದೆ.

ಅವಳು ಅರ್ಥವಾಗದವಳಂತೆ ನೋಡಿದಳು. ಆಮೇಲೆ ಅವಳಿಗೆ ಅರ್ಥವಾಗತೊಡಗಿದ್ದು ನನಗೆ ಕಂಡಿತು. ಮೊದಲು ಅವಳ ತುಟಿ ಅದುರಿತು, ಅವನ ಹೆಸರು ಹೇಳಲು ಹೊರಟ ಹಾಗೆ. ಹತ್ತೊಂಬತ್ತು ವರ್ಷದಿಂದ ಅವಳ ಬಾಯಲ್ಲಿ ಆ ಹೆಸರು ಬಂದಿರಲಿಲ್ಲ. ಹೇಳಿದಳು. ಎರಡು ಸಲ ಹೇಳಿದಳು. ಆಮೇಲೆ ಫ್ರಿಜ್ಜಿನ ಬಾಗಿಲು ಬಿಟ್ಟು, ನನ್ನ ಹತ್ತಿರ ಬಂದು, ಟ್ಯೂಬು ಹಿಡಿದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಯಾವಾಗಿಂದ ಗೊತ್ತು ನಿನಗೆ?" ಎಂದಳು.